'ನಂಗೇನಾಗ್ಯದ?' ಅಂದಿದ್ದರು ಕಾಕಾ

ಆ ಮಧ್ಯಾಹ್ನ ಕಾಕಾ ನನ್ನನ್ನು ನಮ್ಮಪ್ಪನ ಹೆಸರು ಹಿಡಿದು ಕರೆದರು. ಅಪ್ಪ ತೀರಿಹೋಗಿ ಒಂಬತ್ತು ವರ್ಷ ಆಗಿತ್ತು. ನಾನು ನಕ್ಕೆ. ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. 'ಅವರಣ್ಣನ ನೆನಪು ಬಂದದ ನೋಡು' ಅಂದಳು. ನಮ್ಮಿಬ್ಬರಿಗೂ ಅದು ಪ್ರೀತಿ ಅಂತಲೇ ಅನ್ನಿಸಿತು. ಅದು ರೋಗದ ಲಕ್ಷಣ ಅಂತ ಗೊತ್ತಾಗಿದ್ದು ಇಪ್ಪತ್ತು ನಿಮಿಷ ಆದಮೇಲೆ. ಅದೂ ನಮಗಲ್ಲ, ಎದುರುಮನೆಯ ನರ್ಸ್ ಅಕ್ಕನಿಗೆ.

ಮೇ ತಿಂಗಳ ಕಲಬುರಗಿ. ನಮ್ಮೂರಿಗೆ ಎರಡೇ ಕಾಲ, ಒಂದು ಬೇಸಿಗೆ, ಇನ್ನೊಂದು ಕಡುಬೇಸಿಗೆ ಅಂತ ಹಳೇ ನಗೆಮಾತಿದೆ. ಕಾಕಾ ಗೌಂಡಿ. ನಲವತ್ತು ವರ್ಷ ಶಹಾಬಾದ್ ಫರಸಿ ಹಾಸಿದ ಕೈ ಅವರದು. ನಮ್ಮ ಮಾಳಿಗೆ ಸೋರುತ್ತಿತ್ತು. ಮಳೆ ಬರುವುದರೊಳಗೆ ಫರಸಿ ಹಾಸಿ ಸಂದು ತುಂಬಿ ಕೊಡ್ತೀನಿ ಅಂತ ತಾವೇ ಹೇಳಿ ಬಂದಿದ್ದರು. ಬೆಳಿಗ್ಗೆ 7ಕ್ಕೆ ಶುರು, 11ಕ್ಕೆ ಬಂದ್ ಅಂತ ಮಾತಾಗಿತ್ತು.

11ಕ್ಕೆ ನಾನು ಕೆಳಗಿನಿಂದ ಕೂಗಿದೆ. 'ಮಾಲು ಕಲಸೀನಿ, ಅದೊಂದು ಮುಗೀಲಿ' ಅಂದರು. ಆ ಬಿಸಿಲಿಗೆ ಸಿಮೆಂಟ್ ಮಾಲು ನೋಡನೋಡುತ್ತ ಗಟ್ಟಿಯಾಗುತ್ತದೆ. ಅರ್ಧಕ್ಕೆ ಬಿಟ್ಟು ಇಳಿದರೆ ಅಷ್ಟೂ ದಂಡ. 12ಕ್ಕೆ ಮತ್ತೆ ಕೂಗಿದೆ. 'ಇನ್ನ ನಾಕ್ ಕಲ್ಲು.' ಒಂದೂವರೆಗೆ ಇಳಿದು ಬಂದರು. ತಲೆಗೆ ಸುತ್ತಿದ ವಲ್ಲಿ ಒದ್ದೆ, ಅಂಗಿ ಒದ್ದೆ. ಮೆಟ್ಟಿಲಿನ ಕೊನೆಗೆ ಬಂದಾಗ ಕಾಲು ಒಂದು ಸಲ ತಡವರಿಸಿತು. ಪಡಸಾಲೆಯಲ್ಲಿ ಕೂತರು. ಏನಾದರೂ ಆಗ್ತಿದೆಯಾ ಅಂತ ಕೇಳಿದೆ.

'ನಂಗೇನಾಗ್ಯದ? ಸುಮ್ಮ ಕೂಡು ನೀ' ಅಂದರು. ನಾನು ಸುಮ್ಮನೆ ಕೂತೆ.

ಆಮೇಲೆ ನಾವು ಮಾಡಿದ್ದೆಲ್ಲ ಹೇಳಿದರೆ ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ಹಣೆ ಮುಟ್ಟಿ ನೋಡಿದೆವು, ಕೆಂಡ. ಜ್ವರ ಅಂದುಕೊಂಡೆವು. ಪ್ಯಾರಾಸಿಟಮಾಲ್ ಗುಳಿಗೆ ಕೊಟ್ಟೆ. ಅವ್ವ ಹಣೆ ಮೇಲೆ ಒದ್ದೆ ಬಟ್ಟೆ ಇಟ್ಟಳು. ಫ್ಯಾನ್ ಪೂರ್ತಿ ಜೋರು ಮಾಡಿದೆವು. ಕಿಟಕಿಯಿಂದ ಝಳ ಹೊಡೆಯುತ್ತಿತ್ತು, ಫ್ಯಾನ್ ಅದನ್ನೇ ತಂದು ಅವರ ಮೈಮೇಲೆ ಸುರಿಯುತ್ತಿತ್ತು. 'ಒಂದ್ ಹೊತ್ತು ಮಲಗಲಿ, ಎದ್ದರೆ ಎಲ್ಲಾ ಸರಿ ಆಗ್ತದ' ಅಂತ ಅವ್ವ. ನಾನೂ ಹೂಂ ಅಂದೆ. ಆಗಲೇ ಕಾಕಾ ಕಣ್ಣು ಮುಚ್ಚಿಕೊಂಡೇ ಅಪ್ಪನ ಹೆಸರು ಹಿಡಿದು, ಎತ್ತು ಕಟ್ಟಿದೆಯಾ ಅಂತ ಕೇಳಿದ್ದು.

ನರ್ಸ್ ಅಕ್ಕ ಡ್ಯೂಟಿ ಮುಗಿಸಿ ಬಂದವಳು ಮೊಸರು ಕೇಳಲು ಒಳಗೆ ಬಂದಳು. ಮೊಸರಿನ ವಿಷಯ ಅಲ್ಲೇ ಬಿಟ್ಟಳು. 'ಕಾಕಾ, ಇವತ್ತು ಯಾವ ವಾರ?' ಅಂದಳು. ಕಾಕಾ ಅವಳನ್ನೇ ನೋಡಿದರು. 'ಎತ್ತು' ಅಂದರು. ಅಷ್ಟೇ.

ಅವಳು ಮಾತಾಡುವುದು ಬಿಟ್ಟು ಕೂಗಲು ಶುರು ಮಾಡಿದಳು. ನೆಲಕ್ಕೆ ಮಲಗಿಸಿ. ಅಂಗಿ ತೆಗೀರಿ. ನೀರು ತಂದು ಮೈಮೇಲೆ ಸುರೀರಿ, ಬಾಯಿಗೆ ಬ್ಯಾಡ. ಒಬ್ಬರು 108ಕ್ಕೆ ಫೋನ್ ಹಚ್ಚಿ. ನಾನು ಓಡಿ ಹೋಗಿ ಬಚ್ಚಲ ನಲ್ಲಿ ತಿರುಗಿಸಿದೆ. ಕೈ ಸುಟ್ಟಿತು. ಮಾಳಿಗೆ ಮೇಲಿನ ಕರಿ ಟ್ಯಾಂಕಿನ ನೀರು ಅದು, ಮಧ್ಯಾಹ್ನ 2ಕ್ಕೆ ಚಹಾ ಸೋಸಬಹುದಾದಷ್ಟು ಬಿಸಿ. ಮೇ ತಿಂಗಳಲ್ಲಿ ನಮ್ಮ ಮನೆಯಲ್ಲಿ ತಣ್ಣೀರು ಇರುವುದು ಅಡಿಗೆಮನೆಯ ಎರಡು ಕೊಡದಲ್ಲಿ ಮಾತ್ರ ಅಂತ ನನಗೆ ಅವತ್ತು ಗೊತ್ತಾಯಿತು. ಎರಡನ್ನೂ ಬಗ್ಗಿಸಿದೆವು. ಅವ್ವ ಜೋಳ ಹಸನು ಮಾಡುವ ಮೊರ ತಂದು ಗಾಳಿ ಹಾಕಿದಳು. ಪಕ್ಕದ ಮನೆ ಹುಡುಗ ಮೂಲೆಯ ಕಬ್ಬಿನ ಹಾಲಿನ ಗಾಡಿಗೆ ಓಡಿ ಬರ್ಫ ತಂದ. ಗೋಣಿಚೀಲದಲ್ಲಿ ಸುತ್ತಿಟ್ಟ ದೊಡ್ಡ ಗಡ್ಡೆ. ಗಾಡಿಯವನು ದುಡ್ಡು ಇಸಿದುಕೊಳ್ಳಲಿಲ್ಲ. ಅದನ್ನು ಒಡೆದು ವಲ್ಲಿಯಲ್ಲಿ ಕಟ್ಟಿ ಕುತ್ತಿಗೆಗೆ, ಕಂಕುಳಿಗೆ, ತೊಡೆಸಂದಿಗೆ ಇಟ್ಟೆವು. ಆಂಬುಲೆನ್ಸ್ ಬರುವ ಹೊತ್ತಿಗೆ ಕಾಕಾ ನರಳುತ್ತಿದ್ದರು. ಆ ನರಳಾಟ ಕೇಳಿ ಅಕ್ಕನ ಮುಖ ಸ್ವಲ್ಪ ಸಡಿಲ ಆಯಿತು. ನರಳೋದು ಒಳ್ಳೇದು ಅಂದಳು.

ಮೂರು ದಿನ ಆಸ್ಪತ್ರೆಯಲ್ಲಿದ್ದು ಬಂದರು. ಈಗ ಆರಾಮಾಗಿದ್ದಾರೆ. ಆ ಮಧ್ಯಾಹ್ನ ಮಾತ್ರ ಅವರ ನೆನಪಿನಲ್ಲಿ ಇಲ್ಲ. ನಾಲ್ಕು ಕಲ್ಲು ಉಳಿದಿತ್ತು ಅನ್ನುವವರೆಗೆ ಹೇಳ್ತಾರೆ, ಆಮೇಲೆ ಆಸ್ಪತ್ರೆಯ ತೊಲೆ ಎಣಿಸಿದ್ದು ಹೇಳ್ತಾರೆ. ನಡುವಿನದು ಖಾಲಿ.

ಪ್ರತಿ ವರ್ಷ ಮಾರ್ಚ್ ಬಂತು ಅಂದರೆ ವಾಟ್ಸ್ಆ್ಯಪ್‌ನಲ್ಲಿ ಕರಪತ್ರಗಳು ಓಡಾಡುತ್ತವೆ. ಮಧ್ಯಾಹ್ನ 12ರಿಂದ 3ರವರೆಗೆ ಹೊರಗೆ ಹೋಗಬೇಡಿ. ಬಾಯಾರಿಕೆ ಇಲ್ಲದಿದ್ದರೂ ನೀರು ಕುಡಿಯಿರಿ. ತೆಳು ಬಣ್ಣದ ಸಡಿಲ ಹತ್ತಿಬಟ್ಟೆ ಹಾಕಿಕೊಳ್ಳಿ. ತಲೆಸುತ್ತು ಬಂದರೆ ನೆರಳಿಗೆ ಹೋಗಿ. ಒಂದೂ ತಪ್ಪಿಲ್ಲ. ಆದರೆ ಕಾಕಾನ ಪ್ರಕರಣ ಆದಮೇಲೆ ಆ ಕರಪತ್ರ ಓದಿದರೆ ಒಂದು ವಿಷಯ ಚುಚ್ಚುತ್ತದೆ. ಅಲ್ಲಿ ಎಲ್ಲವನ್ನೂ ಬಿಸಿಲಿಗೆ ಸಿಕ್ಕವನಿಗೇ ಹೇಳಿರ್ತಾರೆ. ನೀವು ಕುಡಿಯಿರಿ, ನೀವು ನೆರಳಿಗೆ ಹೋಗಿ. ಬಿಸಿಲು ಬಡಿದಾಗ ಮೊದಲು ಕೆಡುವುದೇ ತಲೆ. ತನಗೆ ಏನಾಗ್ತಿದೆ ಅಂತ ತಿಳಿಯೋ ಶಕ್ತಿಯೇ ಹೋಗಿರುತ್ತದೆ. 'ನಂಗೇನಾಗ್ಯದ?' ಅನ್ನುವವನಿಗೆ ಆ ಕರಪತ್ರ ಓದಿ ಏನು ಉಪಯೋಗ? ಅದನ್ನು ಓದಬೇಕಾದವನು ನಾನು. ಪಕ್ಕದಲ್ಲಿ ಕೂತಿದ್ದವನು ನಾನಲ್ವಾ?

ಡಾಕ್ಟರ್ ಹೇಳಿದ್ದನ್ನು ನನಗೆ ತಿಳಿದಷ್ಟು ಬಿಡಿಸಿ ಹೇಳ್ತೀನಿ. ಬಿಸಿಲಿಗೆ ಸುಸ್ತಾಗುವುದು ಬೇರೆ, ಬಿಸಿಲು ಬಡಿಯುವುದು ಬೇರೆ. ಸುಸ್ತಾದವನಿಗೆ ವಿಪರೀತ ಬೆವರು, ತಲೆನೋವು, ಹೊಟ್ಟೆ ತೊಳಸು, ಕಾಲಿನ ಮೀನಖಂಡ ಹಿಡಿದುಕೊಳ್ಳೋದು ಇರುತ್ತದೆ. ಆದರೆ ಮಾತು ನೆಟ್ಟಗಿರುತ್ತದೆ. ಅವನನ್ನು ನೆರಳಿಗೆ ತಂದು, ಬಟ್ಟೆ ಸಡಿಲಿಸಿ, ಉಪ್ಪು-ಸಕ್ಕರೆ ನೀರು ಕುಡಿಸಿದರೆ ಸುಧಾರಿಸಿಕೊಳ್ತಾನೆ. ಬಡಿದವನಿಗೆ ಒಳಮೈ 40 ಡಿಗ್ರಿ, ಅಂದರೆ ನಮ್ಮ ಹಳೇ ಥರ್ಮಾಮೀಟರಿನಲ್ಲಿ 104, ದಾಟಿರುತ್ತದೆ, ಮತ್ತು ತಲೆ ಕೆಟ್ಟಿರುತ್ತದೆ. ತೊದಲು, ತಡವರಿಕೆ, ಇಲ್ಲದ ಸಿಟ್ಟು, ಯಾರನ್ನೋ ಯಾರೋ ಅಂತ ಕರೆಯೋದು, ಕೊನೆಗೆ ಫಿಟ್ಸ್ ಅಥವಾ ಎಚ್ಚರ ತಪ್ಪುವುದು. ಬೆವರು ನಿಂತು ಮೈ ಒಣಗಿದ್ದರೆ ಮಾತ್ರ ಬಿಸಿಲು ಬಡಿದಿದೆ ಅಂತ ನಾನು ಓದಿಕೊಂಡಿದ್ದೆ. ಮನೆಯಲ್ಲಿ ಕೂತ ಮುದುಕರಿಗೆ ಹಾಗೆ ಆಗೋದು ಜಾಸ್ತಿ. ದುಡಿಯುತ್ತಿದ್ದವರಿಗೆ ಬೆವರು ಸುರಿಯುತ್ತಿರುವಾಗಲೇ ಬಡಿಯಬಹುದು. ಕಾಕಾನ ಒದ್ದೆ ಅಂಗಿ ನೋಡಿ ನಾನು ಧೈರ್ಯ ತಂದುಕೊಂಡಿದ್ದೆ.

ಗುಳಿಗೆ ಯಾಕೆ ಕೆಲಸ ಮಾಡಲ್ಲ ಅನ್ನೋದೂ ಅಲ್ಲೇ ತಿಳಿಯಿತು. ಜ್ವರ ಬಂದಾಗ ಮಿದುಳೇ ಮೈಯ ಬಿಸಿಯನ್ನು ಏರಿಸಿ ಇಟ್ಟಿರುತ್ತದೆ. ಪ್ಯಾರಾಸಿಟಮಾಲ್ ಹೋಗಿ ಆ ಅಳತೆಯನ್ನು ಕೆಳಗಿಳಿಸುತ್ತದೆ. ಬಿಸಿಲು ಬಡಿದಾಗ ಮಿದುಳು ಏನೂ ಏರಿಸಿಲ್ಲ, ಬಿಸಿ ಹೊರಗಿನಿಂದ ತುಂಬಿದೆ. ಇಳಿಸಲಿಕ್ಕೆ ಅಲ್ಲಿ ಏನೂ ಇಲ್ಲ. ಮೇಲಾಗಿ ಆ ಬಿಸಿಗೆ ಲಿವರ್ ಆಗಲೇ ನೊಂದಿರುತ್ತದೆ, ಗುಳಿಗೆ ಅದಕ್ಕೆ ಇನ್ನೊಂದು ಹೊರೆ. ಹಣೆ ಮೇಲೆ ಒದ್ದೆ ಬಟ್ಟೆಯೂ ಸಾಲದು. ಇಡೀ ಮೈ ತೋಯಬೇಕು, ಗಾಳಿ ಹಾಕಬೇಕು, ಅರ್ಧ ತಾಸಿನೊಳಗೆ ಬಿಸಿ ಇಳಿಯಬೇಕು. ಗಾಡಿ ಬರುವವರೆಗೆ ಕಾಯುತ್ತ ಕೂರಬಾರದು. ಮೊದಲು ತಂಪು, ಆಮೇಲೆ ಆಸ್ಪತ್ರೆ. ಹೊಲದಲ್ಲೋ ರಸ್ತೆ ಕೆಲಸದಲ್ಲೋ ಆದರೆ ಒಂದು ತಾಡಪತ್ರಿ ಸಾಕು. ಅದರಲ್ಲಿ ಮಲಗಿಸಿ, ನಾಲ್ಕು ಜನ ಮೂಲೆ ಹಿಡಿದು ತೊಟ್ಟಿಲಿನಂತೆ ಮಾಡಿ, ನೀರು ಬರ್ಫ ಸುರಿದು ಅತ್ತಿತ್ತ ತೂಗುತ್ತ ಇರಬೇಕು. ಎಚ್ಚರ ಇಲ್ಲದವನ ಬಾಯಿಗೆ ನೀರು ಹಾಕಿದರೆ ಅದು ಶ್ವಾಸಕೋಶಕ್ಕೆ ಹೋದೀತು. ನರ್ಸ್ ಅಕ್ಕ ಬಾಯಿಗೆ ಬ್ಯಾಡ ಅಂದದ್ದು ಅದಕ್ಕೆ.

ಇನ್ನೊಂದು ಮಾತು. ಕಾಕಾ ಬಿಪಿಗೆ ತಗೊಳ್ಳುತ್ತಿದ್ದ ಗುಳಿಗೆಯಲ್ಲಿ ಮೈಯ ನೀರು ಹೊರಗೆ ಹಾಕುವ ಔಷಧಿ ಇತ್ತು. ಅಂಥ ಗುಳಿಗೆ, ಕೆಲವು ಅಲರ್ಜಿ ಗುಳಿಗೆ, ಮಾನಸಿಕ ಕಾಯಿಲೆಯ ಕೆಲವು ಔಷಧಿ, ಇವೆಲ್ಲ ಬಿಸಿಲು ತಡೆಯುವ ಶಕ್ತಿ ಕಡಿಮೆ ಮಾಡುತ್ತವಂತೆ. ಹಾಗಂತ ನೀವೇ ನಿಲ್ಲಿಸಿಬಿಡಬೇಡಿ, ಅದು ಇನ್ನೂ ಕೆಟ್ಟದ್ದು. ಬೇಸಿಗೆ ಶುರುವಾಗುವ ಮುಂಚೆ ಬರೆದುಕೊಟ್ಟ ಡಾಕ್ಟರನ್ನೇ ಒಂದು ಸಲ ಕೇಳಿ.

ಮೈ ಹೇಗೆ ತಂಪಾಗುತ್ತದೆ ಅನ್ನೋದನ್ನು ತಿಳಿಯಲು ನಮ್ಮ ಅಡಿಗೆಮನೆಯ ಕೊಡ ನೋಡಿದರೆ ಸಾಕು. ಮಣ್ಣಿನ ಕೊಡ ಹೊರಗೆ ಜಿನುಗುತ್ತದೆ, ಜಿನುಗಿದ್ದು ಒಣಗುತ್ತದೆ, ಒಣಗುವಾಗ ಒಳಗಿನ ಬಿಸಿ ಒಯ್ಯುತ್ತದೆ. ನಮ್ಮ ಚರ್ಮವೂ ಅಷ್ಟೇ. ಒಂದು ಲೀಟರ್ ಬೆವರು ಪೂರ್ತಿ ಆರಿದರೆ ಸುಮಾರು 580 ಕಿಲೊ ಕ್ಯಾಲರಿ ಬಿಸಿ ಮೈಬಿಟ್ಟು ಹೋಗುತ್ತದೆ. ತಣ್ಣಗಿನ ಏಳೆಂಟು ಲೀಟರ್ ನೀರನ್ನು ಕುದಿಗೆ ತರುವಷ್ಟು ಬಿಸಿ ಅದು. ಆದರೆ ಬೆವರು ಆರಬೇಕು. ತೊಟ್ಟಿಕ್ಕಿ ನೆಲಕ್ಕೆ ಬಿದ್ದರೆ ಪ್ರಯೋಜನ ಇಲ್ಲ.

ಮಂಗಳೂರಿನಲ್ಲಿರುವ ನನ್ನ ತಂಗಿಗೂ ನನಗೂ ಇದರ ಬಗ್ಗೆ ಪ್ರತಿ ಬೇಸಿಗೆ ಜಗಳ. ನಮ್ಮಲ್ಲಿ 43, ನಿಮ್ಮಲ್ಲಿ ಬರೀ 35, ನೀನೇನು ಗೋಳಾಡ್ತೀ ಅಂತ ನಾನು. ನಮ್ಮ ಕೊಡ ಆರೋದೇ ಇಲ್ಲ ಅಣ್ಣಾ ಅಂತ ಅವಳು. ಅವಳದೇ ಸರಿ. ಕಡಲ ತಡಿಯ ಗಾಳಿಯಲ್ಲಿ ಮೊದಲೇ ನೀರು ತುಂಬಿರುತ್ತದೆ, ಬೆವರು ಆರುವುದಕ್ಕೆ ಜಾಗ ಇಲ್ಲ. ನಮ್ಮ ಮನೆಯ ಕೂಲರ್ ಅಲ್ಲಿಗೆ ಒಯ್ದರೆ ಕೋಣೆ ಹಬೆ ಪಾತ್ರೆಯಾಗುತ್ತದೆ. ಹವಾಮಾನ ಇಲಾಖೆಯೂ ಕರಾವಳಿಗೆ ಬೇರೆ ಅಳತೆ ಇಟ್ಟಿದೆ. ಅಲ್ಲಿ 37 ಡಿಗ್ರಿ ಮುಟ್ಟಿ ಮಾಮೂಲಿಗಿಂತ 4.5 ಜಾಸ್ತಿ ಆದರೆ ಬಿಸಿಗಾಳಿ ಅಂತ ಲೆಕ್ಕ. 2025ರಲ್ಲಿ ಫೆಬ್ರುವರಿ ಮುಗಿಯುವ ಮೊದಲೇ ಕರಾವಳಿಗೆ ಆ ಮುನ್ನೆಚ್ಚರಿಕೆ ಬಂದಿತ್ತು. ಆ ವಾರ ನಾನು ತಂಗಿಗೆ ಫೋನ್ ಮಾಡಿ ಸೋತೆ ಅಂತ ಒಪ್ಪಿಕೊಂಡೆ.

ಬಯಲುಸೀಮೆಗೆ ಆ ಅಳತೆ 40. ಅದರ ಜೊತೆಗೆ ಮಾಮೂಲಿಗಿಂತ 4.5 ಡಿಗ್ರಿ ಜಾಸ್ತಿ ಇರಬೇಕು, ಇಲ್ಲಾ ಸೀದಾ 45 ಮುಟ್ಟಬೇಕು. ಇದರಲ್ಲಿ ನಮ್ಮಂಥ ಊರಿಗೆ ಒಂದು ಪೇಚಿದೆ. ಮೇ ತಿಂಗಳಲ್ಲಿ ಮಾಮೂಲೇ 40ರ ಆಚೀಚೆ ಇರುವಲ್ಲಿ 43 ಆದರೂ ಅದು ಬಿಸಿಗಾಳಿ ಅನ್ನಿಸಿಕೊಳ್ಳಲ್ಲ. ಬರೀ ಬೇಸಿಗೆ. ಕಾಕಾ ಬಿದ್ದ ದಿನ ನಮ್ಮ ಜಿಲ್ಲೆಗೆ ಯಾವ ಬಣ್ಣದ ಎಚ್ಚರಿಕೆಯೂ ಇರಲಿಲ್ಲ. ಆ 43 ಕೂಡ ನೆರಳಿನ ಲೆಕ್ಕ. ಬಿಳಿ ಬಣ್ಣ ಬಳಿದ, ಜಾಲರಿ ಗೋಡೆಯ ಮರದ ಪೆಟ್ಟಿಗೆಯಲ್ಲಿ, ನೆಲದಿಂದ ನಾಲ್ಕಡಿ ಮೇಲಿಟ್ಟ ಥರ್ಮಾಮೀಟರ್ ತೋರಿಸುವ ಸಂಖ್ಯೆ. ಕಾಕಾ ಕೂತು ಕಲ್ಲು ಹಾಸುತ್ತಿದ್ದದ್ದು ಬಿಸಿಲು ಹೀರಿದ ಮಾಳಿಗೆ ಮೇಲೆ. ಅಲ್ಲಿ ಎಷ್ಟಿತ್ತೋ ಯಾರೂ ಅಳೆದಿಲ್ಲ.

ನಮ್ಮ ಓಣಿಯ ತುದಿಯಲ್ಲಿ ರೊಟ್ಟಿ ಅಕ್ಕನ ಮನೆ. ಸುತ್ತಲಿನ ನೌಕರರು, ಹಾಸ್ಟೆಲ್ ಹುಡುಗರು ಎಲ್ಲರೂ ಅವಳ ರೊಟ್ಟಿಯ ಮೇಲೆ ಬದುಕಿದವರು. ಒಂದೇ ಕೋಣೆ, ಮೇಲೆ ತಗಡು. ಕಾಕಾನ ಪ್ರಕರಣ ಆದಮೇಲೆ ನಾನು ಉಮೇದಿನಿಂದ ಒಂದು ಕರಪತ್ರ ಒಯ್ದು ಅವಳಿಗೆ ಓದಿ ಹೇಳಿದೆ. 12ರಿಂದ 3ರವರೆಗೆ ಮನೆಯಲ್ಲೇ ಇರಬೇಕು ಅಂದೆ. ಅವಳು ರೊಟ್ಟಿ ಬಡಿಯುವುದು ನಿಲ್ಲಿಸಲಿಲ್ಲ.

'ಮನ್ಯಾಗೇ ಇದ್ದೀನಲ್ಲೋ ತಮ್ಮಾ. ಹೊರಗ ಹೋಗು ಅಂತ ಬರದದೇನು ನೋಡು, ಹೋಗ್ತೀನಿ.'

ನಾನು ಮಾರನೇ ದಿನ ಗೋಡೆಗೆ ನೇತುಹಾಕುವ ಥರ್ಮಾಮೀಟರ್ ಒಯ್ದು ಅವಳ ಕಪಾಟಿನ ಪಕ್ಕ ಮೊಳೆಗೆ ಸಿಕ್ಕಿಸಿದೆ. ಮಧ್ಯಾಹ್ನ 1ಕ್ಕೆ ಹೋಗಿ ನೋಡಿದರೆ 47. ಹೊರಗೆ ಬೇವಿನ ಮರದ ಕೆಳಗೆ 41. ತಗಡು ಬಿಸಿಲು ಕುಡಿದು ಕೆಳಗೆ ಉಗುಳುತ್ತದೆ, ಎದುರಿಗೆ ಹಂಚು. ಫ್ಯಾನ್ ಇದೆ, ಆದರೆ ರೊಟ್ಟಿ ಬಡಿಯುವಾಗ ಹಾಕೋಹಾಗಿಲ್ಲ. ಹಿಟ್ಟು ಹಾರುತ್ತದೆ, ಒಲೆಯ ಉರಿ ವಾಲುತ್ತದೆ. ಹಾಕಿದರೂ ಏನು? ಗಾಳಿಯೇ 40 ದಾಟಿದ್ದಾಗ ಫ್ಯಾನ್ ಮೈಗೆ ಬಿಸಿ ತುಂಬುತ್ತದೆಯೇ ಹೊರತು ತೆಗೆಯಲ್ಲ. ವಿಶ್ವ ಆರೋಗ್ಯ ಸಂಸ್ಥೆಯೂ ಫ್ಯಾನ್ ಬಳಕೆಗೆ 40ರ ಗೆರೆ ಹಾಕಿದೆ. ಮೈ ತೋಯಿಸಿಕೊಂಡು ಕೂತರೆ ಬೇರೆ ಮಾತು.

ನೀರು ಜಾಸ್ತಿ ಕುಡಿ ಅಕ್ಕಾ ಅಂದೆ. ಬಿಸಿಲಿನಲ್ಲಿ ದುಡಿಯುವವರು ಇಪ್ಪತ್ತು ನಿಮಿಷಕ್ಕೊಂದು ಲೋಟ ಕುಡಿಯಬೇಕು ಅಂತ ಲೆಕ್ಕ ಕೊಟ್ಟೆ. ಅವಳು ಮೊದಲ ಸಲ ಕೈ ನಿಲ್ಲಿಸಿ ನನ್ನ ಮುಖ ನೋಡಿದಳು. ಅವಳ ಮನೆಗೆ ಸಂಡಾಸ ಇಲ್ಲ. ಹೋಗಬೇಕಾದರೆ ಒಲೆ ಆರಿಸಿ, ಬಾಗಿಲು ಹಾಕಿ, ಎರಡು ಓಣಿ ದಾಟಿ ನಾದಿನಿ ಮನೆಗೆ ಹೋಗಬೇಕು. ಅದಕ್ಕೆ ಬೆಳಿಗ್ಗೆಯಿಂದ ಸಂಜೆವರೆಗೆ ಎರಡೇ ಲೋಟ. ಬಸ್ಸಿನ ಕಂಡಕ್ಟರ್ ಹೆಣ್ಣುಮಕ್ಕಳು, ಸಂತೆಯಲ್ಲಿ ಕಾಯಿಪಲ್ಲೆ ಮಾರುವವರು ಎಲ್ಲರದೂ ಇದೇ ಲೆಕ್ಕ ಅಂತ ಅವಳೇ ಹೇಳಿದಳು. ನನ್ನ ಕರಪತ್ರದಲ್ಲಿ ಸಂಡಾಸದ ಮಾತೇ ಇರಲಿಲ್ಲ. ನೀರಿನ ಅರವಟಿಗೆ ಇಟ್ಟು ಫೋಟೊ ತೆಗೆಸಿಕೊಳ್ಳುವವರು ನಮ್ಮೂರಲ್ಲಿ ಬೇಕಾದಷ್ಟಿದ್ದಾರೆ. ಒಳ್ಳೇದೇ. ಪಕ್ಕದಲ್ಲಿ ಹೆಣ್ಣುಮಕ್ಕಳಿಗೆ ಒಂದು ಶುಚಿಯಾದ ಸಂಡಾಸ ಇದ್ದರೆ ಆ ಅರವಟಿಗೆಯ ನೀರು ಅವರ ಹೊಟ್ಟೆಗೂ ಇಳಿದೀತು.

ಸರಕಾರ ಏನೂ ಮಾಡಿಲ್ಲ ಅಂತ ನಾನು ಹೇಳಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿ, ಜೊತೆಗೆ ವಿಜಯಪುರ, ಬಾಗಲಕೋಟೆಗಳಲ್ಲಿ ಸರಕಾರಿ ಕಚೇರಿ ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತವೆ. ಉದ್ಯೋಗ ಖಾತ್ರಿ ಕೆಲಸದಲ್ಲೂ ಬೇಸಿಗೆಗೆ ಕೆಲಸದ ಅಳತೆ ಕಡಿಮೆ ಮಾಡಿ ಪೂರ್ತಿ ಕೂಲಿ ಕೊಡುವ ಪದ್ಧತಿ ನಡೆದುಬಂದಿದೆ. ಅಂದರೆ ಇಷ್ಟು ಬಿಸಿಲಿನಲ್ಲಿ ಅಷ್ಟೇ ದುಡಿ ಅನ್ನೋದು ನ್ಯಾಯ ಅಲ್ಲ ಅಂತ ಕಾಗದದ ಮೇಲೆ ಒಪ್ಪಿಯಾಗಿದೆ. ಹಾಜರಿ ಪುಸ್ತಕ ಇದ್ದವರಿಗೆ ಅದು ಸಿಗುತ್ತದೆ. ಕಾಕಾನಿಗೂ ರೊಟ್ಟಿ ಅಕ್ಕನಿಗೂ ಹಾಜರಿ ಪುಸ್ತಕ ಇಲ್ಲ.

ಅಹಮದಾಬಾದಿನ ಕತೆ ಇಲ್ಲಿ ಹೇಳಲೇಬೇಕು. 2010ರ ಮೇ 21ರಂದು ಅಲ್ಲಿ 46.8 ಡಿಗ್ರಿ ಆಗಿತ್ತು. ಆ ಮೇ ತಿಂಗಳು ಊರಿನಲ್ಲಿ ಸತ್ತವರನ್ನು ಅದರ ಹಿಂದಿನ, ಮುಂದಿನ ವರ್ಷಗಳ ಮೇ ಜೊತೆ ತಾಳೆ ಹಾಕಿ ನೋಡಿದರೆ 1,344 ಜನ ಜಾಸ್ತಿ. ಅವರಲ್ಲಿ ಎಷ್ಟೋ ಜನರ ಮರಣದ ಚೀಟಿಯಲ್ಲಿ ಬಿಸಿಲು ಅಂತ ಬರೆದೇ ಇರಲಿಲ್ಲ. ಎಲ್ಲ ಕಡೆ ಹೀಗೇ. ಹೃದಯ ನಿಂತಿತು, ಕಿಡ್ನಿ ಹೋಯಿತು, ವಯಸ್ಸಾಗಿತ್ತು ಅಂತಲೇ ಬರೆಯೋದು. ಬಿಸಿಲು ಎಂದೂ ಸಹಿ ಹಾಕಿ ಹೋಗಲ್ಲ. ಆ ಏಟಿನ ಮೇಲೆ 2013ರಲ್ಲಿ ಅಲ್ಲಿನ ನಗರಪಾಲಿಕೆ ಬಿಸಿಲಿಗೆ ಅಂತಲೇ ಒಂದು ಯೋಜನೆ ಮಾಡಿತು. ದಕ್ಷಿಣ ಏಷ್ಯಾದಲ್ಲೇ ಅದು ಮೊದಲನೆಯದು. ಮುನ್ನೆಚ್ಚರಿಕೆಗೆ ಬಣ್ಣ, ಆಸ್ಪತ್ರೆಗಳಿಗೆ ತರಬೇತಿ, ಇವೆಲ್ಲ ಬಂದವು. ನನಗೆ ಇಷ್ಟವಾದದ್ದು ಒಂದು ಸಣ್ಣ ಸಂಗತಿ. ಅಲ್ಲಿನ ಒಂದು ಆಸ್ಪತ್ರೆಯಲ್ಲಿ ಬಾಣಂತಿ, ಹಸುಗೂಸುಗಳ ವಾರ್ಡು ಎಲ್ಲಕ್ಕಿಂತ ಮೇಲಿನ ಮಹಡಿಯಲ್ಲಿತ್ತು, ಕಾದ ಮಾಳಿಗೆಯ ಕೆಳಗೆ. ಆ ವಾರ್ಡನ್ನು ಕೆಳಗಿಳಿಸಿದರು. ಬಿಸಿಗೆ ಬಳಲಿ ದಾಖಲಾಗುವ ಕೂಸುಗಳು ಕಡಿಮೆಯಾದವು. ಹಾಸಿಗೆ ಎತ್ತಿ ಕೆಳಗೆ ತಂದದ್ದು, ಅಷ್ಟೇ ಕೆಲಸ. ಪಕ್ಕದ ತೆಲಂಗಾಣದಲ್ಲಿ 2023ರಲ್ಲಿ ಮಾಳಿಗೆ ತಂಪಾಗಿಡುವುದಕ್ಕೇ ಒಂದು ನೀತಿ ತಂದಿದ್ದಾರೆ, ಬಿಳಿ ಬಣ್ಣ, ಬಿಸಿಲು ತಿರುಗಿಸುವ ಬಿಲ್ಲೆ ಇತ್ಯಾದಿ.

ಅದನ್ನು ಓದಿದ ಮೇಲೆ ನಾವು ನಾಲ್ಕು ಜನ ಸೇರಿ ರೊಟ್ಟಿ ಅಕ್ಕನ ತಗಡಿಗೆ ಬಿಳಿ ಬಣ್ಣ ಹೊಡೆದೆವು. ಬೆಳಿಗ್ಗೆ 6ಕ್ಕೆ ಶುರು ಮಾಡಿ 8ಕ್ಕೆ ಮುಗಿಸಿದೆವು. ಕಾಕಾ ಕೆಳಗೆ ಕುರ್ಚಿ ಹಾಕಿಕೊಂಡು ಬೈಯುತ್ತ ಮೇಲ್ವಿಚಾರಣೆ ಮಾಡಿದರು. ಬಣ್ಣದ ಮೇಲೆ ಒಂದು ಮೊಳ ಎತ್ತರಕ್ಕೆ ಹಸಿರು ನೆಟ್ ಕಟ್ಟಿದೆವು. ತೊಗರಿ ಕಟ್ಟಿಗೆ ಹಾಸೋಣ ಅಂತ ನನ್ನ ಐಡಿಯಾ ಇತ್ತು. ಕೆಳಗೆ ಒಲೆ ಉರಿಯುವ ಮನೆಗೆ ಮೇಲೆ ಒಣ ಕಟ್ಟಿಗೆ ಹೊರಿಸ್ತೀಯೇನೋ ಅಂತ ಕಾಕಾ ಉಗಿದರು. ಮಧ್ಯಾಹ್ನದ 47 ಈಗ 42, 43ಕ್ಕೆ ಬಂದಿದೆ. ಇನ್ನೂ ಬಿಸಿಯೇ. ಆದರೆ ರಾತ್ರಿ ಅಕ್ಕನಿಗೆ ನಿದ್ದೆ ಬರುತ್ತಿದೆಯಂತೆ. ಅದು ಸಣ್ಣದಲ್ಲ. ಹಗಲಿನ ಬಿಸಿ ಮೈಯಿಂದ ಇಳಿಯಬೇಕಾದದ್ದು ರಾತ್ರಿ. ನಿದ್ದೆಯಿಲ್ಲದ ಎರಡು ರಾತ್ರಿ ಕಳೆದರೆ ಮೂರನೇ ಹಗಲು ಅದೇ 42 ಡಿಗ್ರಿ ಬೇರೆಯದೇ ಆಗಿರುತ್ತದೆ. ಕಾಕಾ ಕೂಡ ಆ ವಾರ ಮದುವೆ ಮನೆಯಲ್ಲಿ ಎರಡು ರಾತ್ರಿ ಎಚ್ಚರ ಇದ್ದು ಬಂದಿದ್ದರು.

ಬಣ್ಣಕ್ಕಿಂತ ಜಾಸ್ತಿ ಉಪಯೋಗ ಆಗಿದ್ದು ಇನ್ನೊಂದು. ಅಕ್ಕ ಮಧ್ಯಾಹ್ನ 12ಕ್ಕೆ ಒಲೆ ಮುಂದೆ ಯಾಕೆ ಕೂರ್ತಾಳೆ? ನಮಗೆ 1 ಗಂಟೆಗೆ ಬಿಸಿ ರೊಟ್ಟಿ ಬೇಕು, ಅದಕ್ಕೆ. ನಾನೇ ಎಷ್ಟು ಸಲ ಮೇಲಿನ ರೊಟ್ಟಿ ಮುಟ್ಟಿ ನೋಡಿ, ತಣ್ಣಗಾಗಿದೆ, ಈಗ ಮಾಡಿದ್ದು ಕೊಡು ಅಂದಿಲ್ಲ? ಖಡಕ್ ರೊಟ್ಟಿಯನ್ನು ಬೆಳಿಗ್ಗೆ 5ರಿಂದ 9ರೊಳಗೆ ಬಡಿದು ಇಡಬಹುದು, ವಾರ ಇಟ್ಟರೂ ಕೆಡಲ್ಲ. ಏಪ್ರಿಲ್, ಮೇ ಎರಡು ತಿಂಗಳು ಎಲ್ಲರೂ ಖಡಕ್ ರೊಟ್ಟಿಯೇ ಒಯ್ಯೋಣ ಅಂತ ಓಣಿಯಲ್ಲಿ ಮಾತಾಡಿದೆವು. ಮೂವರು ಗೊಣಗಿದರು. ಒಬ್ಬರಂತೂ ಹಲ್ಲಿಲ್ಲ ಅಂದರು, ಅದು ನಿಜ. ಅವರಿಗೆ ಬೆಳಿಗ್ಗೆಯ ಮೆತ್ತನೆ ರೊಟ್ಟಿ ಬಟ್ಟೆಯಲ್ಲಿ ಸುತ್ತಿಡ್ತಾಳೆ.

ಕುಡಿಯುವುದರ ಬಗ್ಗೆ ಒಂದೆರಡು ಮಾತು, ಯಾಕಂದ್ರೆ ಇದರಲ್ಲಿ ಮೋಸ ಹೋಗಿದ್ದೇನೆ. ಕಾಕಾ ಮನೆಗೆ ಬಂದ ದಿನ ನಾನು ಅಂಗಡಿಯಿಂದ ಓಆರ್‌ಎಸ್ (ಮೈ ಕಳಕೊಂಡ ನೀರು, ಉಪ್ಪು ತುಂಬಿಕೊಡುವ ಪಾನೀಯ) ಅಂತ ಬರೆದಿದ್ದ ಕಿತ್ತಳೆ ರುಚಿಯ ಡಬ್ಬಿಗಳನ್ನು ತಂದಿದ್ದೆ. ನರ್ಸ್ ಅಕ್ಕ ಹಿಂದಿನ ಸಣ್ಣಕ್ಷರ ಓದಿ ಪಕ್ಕಕ್ಕಿಟ್ಟಳು. ಸಕ್ಕರೆ ಮಿತಿಮೀರಿ, ಉಪ್ಪು ಸಾಲದು. ಸರಿಯಾದ ಓಆರ್‌ಎಸ್ ಪುಡಿಯಲ್ಲಿ ಲೀಟರಿಗೆ ಉಪ್ಪು 2.6 ಗ್ರಾಂ, ಗ್ಲೂಕೋಸ್ 13.5 ಗ್ರಾಂ, ಜೊತೆಗೆ ಇನ್ನೆರಡು ಲವಣ ಇರಬೇಕು. ಹೈದರಾಬಾದಿನ ಮಕ್ಕಳ ಡಾಕ್ಟರ್ ಶಿವರಂಜನಿ ಸಂತೋಷ್ ಈ ಹೆಸರಿನ ಮೋಸದ ವಿರುದ್ಧ ಎಂಟು ವರ್ಷ ಹೋರಾಡಿದರು. 2025ರ ಅಕ್ಟೋಬರಿನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಇಂಥ ಪಾನೀಯಗಳ ಮೇಲೆ ಓಆರ್‌ಎಸ್ ಅನ್ನೋ ಪದ ಹಾಕಬಾರದು ಅಂತ ಆದೇಶ ಮಾಡಿತು. ಔಷಧಿ ಅಂಗಡಿಯಲ್ಲಿ ಪುಡಿ ಸಿಗದಿದ್ದರೆ ಮನೆಯದೇ ಸಾಕು. ಒಂದು ಲೀಟರ್ ಶುದ್ಧ ನೀರಿಗೆ ಮಟ್ಟಸವಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ದಿನದ ಮಾತಿಗೆ ಬಂದರೆ ಉಪ್ಪು ಹಾಕಿದ ಮಜ್ಜಿಗೆ, ಅಂಬಲಿ ಇವಕ್ಕೆ ಸಾಟಿ ಇಲ್ಲ. ಹೃದಯ, ಕಿಡ್ನಿ ತೊಂದರೆ ಇದ್ದವರು ಮಾತ್ರ ನೀರಿಗೂ ಉಪ್ಪಿಗೂ ಡಾಕ್ಟರನ್ನು ಕೇಳಿ.

ಜೇಬಿನಲ್ಲಿ ಉಳ್ಳಾಗಡ್ಡಿ ಇಟ್ಟುಕೊಂಡರೆ ಬಿಸಿಲು ಬಡಿಯಲ್ಲ ಅಂತ ನಮ್ಮ ಕಡೆ ಹೇಳ್ತಾರೆ. ಕಾಕಾನ ಜೇಬಿನಲ್ಲೂ ಅವತ್ತು ಒಂದು ಇತ್ತು. ಅಂಗಿ ತೆಗೆಯುವಾಗ ಉರುಳಿ ಕಪಾಟಿನ ಕೆಳಗೆ ಹೋಗಿ, ದೀಪಾವಳಿಗೆ ಮನೆ ಬಳಿಯುವಾಗ ಮೊಳಕೆಯೊಡೆದು ಸಿಕ್ಕಿತು.

ಬೆಂಗಳೂರಿನಿಂದ ರಜೆಗೆ ಬರುವ ಮೊಮ್ಮಕ್ಕಳ ಮೇಲೆ ಕಾಕಾನಿಗೆ ಈಗ ವಿಪರೀತ ಕಣ್ಣು. ಅದೂ ಸರಿಯೇ. ಮೈ ಬಿಸಿಲಿಗೆ ಒಗ್ಗಲು ಒಂದೆರಡು ವಾರ ಬೇಕು. ಬೇಸಿಗೆಯ ಮೊದಲ ಝಳ, ಹೊಸದಾಗಿ ಬಂದವರ ಮೊದಲ ದಿನ, ಕೆಲಸಕ್ಕೆ ಸೇರಿದವನ ಮೊದಲ ವಾರ, ಇವೇ ಹೆಚ್ಚು ಅಪಾಯ. ಹೊಸ ಆಳಿಗೆ ಮೊದಲ ದಿನ ಬಿಸಿಲಿನಲ್ಲಿ ಐದರಲ್ಲಿ ಒಂದು ಪಾಲು ಕೆಲಸ, ದಿನಾ ಒಂದೊಂದು ಪಾಲು ಏರಿಸುತ್ತ ಹೋಗು ಅಂತ ತಿಳಿದವರು ಹೇಳ್ತಾರೆ. ಕಾಕಾ ಈಗ ತಮ್ಮ ಕೈಕೆಳಗಿನ ಹುಡುಗರಿಗೆ ಬೇರೆ ರೀತಿ ಹೇಳಿದ್ದಾರೆ. 10ರ ಮೇಲೆ ಮಾಲು ಕಲಸಬ್ಯಾಡ್ರಿ. ಕಲಸದಿದ್ದರೆ ಮುಗಿಸುವ ಪ್ರಶ್ನೆಯೇ ಬರಲ್ಲ.

ಈ ಬೇಸಿಗೆ ನಾನೊಂದು ರೂಢಿ ಮಾಡಿಕೊಂಡಿದ್ದೇನೆ. ಮಧ್ಯಾಹ್ನ 2ರ ಹೊತ್ತಿಗೆ ಓಣಿಯಲ್ಲಿ ಐದು ಮನೆಗೆ ಹಣಿಕಿ ಹಾಕುತ್ತೇನೆ. ಒಬ್ಬರೇ ಇರುವ ಮುದುಕರು, ತಗಡಿನ ಮನೆಯವರು, ಒಬ್ಬ ಬಾಣಂತಿ. ಆರಾಮ ಇದ್ದೀರಾ ಅಂತ ಕೇಳಲ್ಲ. ಕೇಳಿದರೆ ಎಲ್ಲರೂ ಆರಾಮ ಅಂತಾರೆ. ನರ್ಸ್ ಅಕ್ಕನ ಪ್ರಶ್ನೆಯನ್ನೇ ಕೇಳುತ್ತೇನೆ. ಮೊದಮೊದಲು ಎಲ್ಲರೂ ನಕ್ಕರು, ಈಗ ನಾನು ಬಾಯಿ ತೆರೆಯುವ ಮುಂಚೆಯೇ ಉತ್ತರ ಹೇಳ್ತಾರೆ.

ನಿನ್ನೆ ರೊಟ್ಟಿ ಅಕ್ಕನ ಬಾಗಿಲಲ್ಲಿ ನಿಂತು ಕೇಳಿದೆ. ಒದ್ದೆ ಸೆರಗು ಹೆಗಲ ಮೇಲೆ ಹಾಕಿಕೊಂಡು ಗೋಡೆಗೆ ಒರಗಿ ಕೂತಿದ್ದಳು. ಒಲೆ ಆರಿತ್ತು. ಕಣ್ಣು ಮುಚ್ಚಿತ್ತು.

'ಅಕ್ಕಾ, ಇವತ್ತು ಯಾವ ವಾರ?'

ಕಣ್ಣು ತೆರೆಯಲಿಲ್ಲ.

ನನ್ನ ಎದೆ ಧಸಕ್ಕೆಂದಿತು. ಒಳಗೆ ಕಾಲಿಟ್ಟು ಇನ್ನೊಂದು ಸಲ ಜೋರಾಗಿ ಕೇಳಿದೆ.

'ಗುರುವಾರ' ಅಂದಳು ಕಣ್ಣು ಮುಚ್ಚಿಕೊಂಡೇ. 'ಹ್ವಾದ ಗುರುವಾರದಿಂದ ಇಲ್ಲೀತನಕ ನಿಂದು ಇಪ್ಪತ್ನಾಲ್ಕು ರೊಟ್ಟಿ ಬಾಕಿ ಅದ. ಇನ್ನೂರ ನಲವತ್ತು ರೂಪಾಯಿ. ಅದನ್ನ ಮೊದ್ಲ ಕೊಟ್ಟು ಆಮ್ಯಾಲ ವಾರ ಕೇಳು.'